ನಾನು ತಡೆದ ನೀರಿಗೆ ನನಗೇ ಉಡಿ ತುಂಬಿದರು

ನನಗೆ ಕನ್ನಡ ಬರುತ್ತಿತ್ತು. ಬರುವುದಿಲ್ಲ ಎಂದು ತಲೆ ಅಲ್ಲಾಡಿಸಿದೆ. ಅದರಿಂದ ಒಂದು ಗುಡಿಸಲು ಬಸ್ತಿಯ ಜನ ಹೆಚ್ಚುಕಡಿಮೆ ಒಂದು ವರ್ಷ ನಲ್ಲಿಯಿಲ್ಲದೆ ಬದುಕಿದರು, ಒಬ್ಬ ಹುಡುಗಿ ಶಾಲೆಯ ಮೆಟ್ಟಿಲು ಹತ್ತಲೇ ಇಲ್ಲ. ಆಮೇಲೆ ನೀರು ಬಂದಾಗ ಅದೇ ಜನ ನನ್ನನ್ನು ಮಣೆಯ ಮೇಲೆ ಕೂರಿಸಿ, ನೀರು ತಂದುಕೊಟ್ಟಾಕಿ ಎಂದು ಉಡಿ ತುಂಬಿದರು. ನಾನು ಸೆರಗೊಡ್ಡಿ ತುಂಬಿಸಿಕೊಂಡೆ.

ಇಷ್ಟನ್ನು ಮೊದಲೇ ಹೇಳಿಬಿಟ್ಟಿದ್ದೇನೆ. ಸುತ್ತಿ ಬಳಸಿ ಹೇಳಿದರೆ ನಾನು ಒಳ್ಳೆಯವಳಾಗಿ ಕಂಡುಬಿಡುವ ಅಪಾಯವಿದೆ. ಆ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ — ಬದುಕಿನ ಅರ್ಧ ಭಾಗ ಸರ್ಕಾರಿ ಕಚೇರಿಯಲ್ಲಿ ಕೂತವಳು.

ನಮ್ಮದು ಹೈದರಾಬಾದಿನಲ್ಲಿ ಮೂರು ತಲೆಮಾರು ನೆಲೆಸಿದ ಕನ್ನಡದ ಮನೆ. ಅಜ್ಜ ನಿಜಾಮರ ಕಾಲದಲ್ಲಿ ನೌಕರಿಗೆಂದು ಬೀದರ್ ಕಡೆಯಿಂದ ಬಂದವರು. ಅಪ್ಪನೂ ನೌಕರ, ನಾನೂ ನೌಕರಿಯವಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ, ಕಚೇರಿಯಲ್ಲಿ ತೆಲುಗು. “ಕನ್ನಡ ಹೊಸ್ತಿಲ ಒಳಗ ಇರಲಿ, ಚಪ್ಪಲಿ ಹೊಸ್ತಿಲ ಹೊರಗ ಇರಲಿ” ಎಂದು ಅಪ್ಪ ನಗುತ್ತಾ ಹೇಳುತ್ತಿದ್ದರು. ನಗುತ್ತಾ ಹೇಳಿದ್ದನ್ನು ನಾನು ವ್ರತದಂತೆ ಪಾಲಿಸಿದೆ. ನೌಕರಿಗಳು ಹೊರಗಿನವರ ಪಾಲಾಗುತ್ತಿವೆ, ಯಾರು ಲೋಕಲ್, ಯಾರು ನಾನ್-ಲೋಕಲ್ ಎಂಬ ಪಿಸುಮಾತು ಕಚೇರಿಯಲ್ಲಿ ಯಾವಾಗಲೂ ಇರುತ್ತಿತ್ತು. ನಾನು ಇಲ್ಲೇ ಹುಟ್ಟಿ, ಇಲ್ಲೇ ಓದಿದವಳು. ಯಾರೂ ನನ್ನನ್ನು ಏನೂ ಅನ್ನುವಂತಿರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. ಅಲ್ಲಿ ಹತ್ತು ವರ್ಷ ಕೆಲಸ ಮಾಡಿದ ಮೇಲೂ ನನ್ನ ಮನೆಮಾತು ಯಾವುದೆಂದು ಒಬ್ಬರಿಗೂ ಗೊತ್ತಿರಲಿಲ್ಲ.

ಕಚೇರಿ ನಗರದ ಹೊರಗೆ, ಪಟಾನ್‌ಚೆರು ಕಡೆ ಇತ್ತು. ಯಾವುದೆಂದು ಹೇಳುವುದಿಲ್ಲ — ತಪ್ಪು ನನ್ನದು, ಕಟ್ಟಡದ್ದಲ್ಲ. ಆಗ ನಗರದ ಪಶ್ಚಿಮಕ್ಕೆ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದರು. ಎಲ್ಲರ ಬಾಯಲ್ಲೂ ಕಂಪ್ಯೂಟರ್. ಸರ್ಕಾರಕ್ಕೂ ಆ ಹುಚ್ಚು ಹಿಡಿದಿತ್ತು. ಪ್ರತಿ ಸೋಮವಾರ ಜನರ ಅಹವಾಲು ಕೇಳುವ ದಿನ. ಸಾಹೇಬರು ನಡುವೆ ಕೂರುತ್ತಿದ್ದರು, ಪಕ್ಕದ ಮೇಜಿನಲ್ಲಿ ಕಂಪ್ಯೂಟರ್ ಮುಂದೆ ನಾನು. ಬಂದ ಪ್ರತಿ ಅರ್ಜಿಗೂ ಒಂದು ನಂಬರು ಕೊಟ್ಟು ಯಂತ್ರಕ್ಕೆ ಉಣಿಸಬೇಕು. ವಾರದೊಳಗೆ ಮುಗಿಯದ ಅರ್ಜಿ ಪರದೆಯ ಮೇಲೆ ಕೆಂಪಾಗುತ್ತಿತ್ತು, ಮುಗಿದದ್ದು ಹಸಿರು. ಕೆಂಪು ಹೆಚ್ಚಾದರೆ ಮೇಲಿನವರು ಟಿವಿಯಂಥ ಪರದೆಯಲ್ಲಿ ಕಾಣಿಸಿಕೊಂಡು ನಮ್ಮ ಸಾಹೇಬರಿಗೆ ಮಂಗಳಾರತಿ ಮಾಡುತ್ತಿದ್ದರು. ಹೀಗಾಗಿ ನಾವೆಲ್ಲ ಅರ್ಜಿಯನ್ನಲ್ಲ, ಬಣ್ಣವನ್ನು ನೋಡುವುದನ್ನು ಕಲಿತೆವು. ‘ಪರಿಶೀಲನೆಯಲ್ಲಿದೆ’ ಎಂದು ಹಾಕಿದರೂ ಹಸಿರು. ‘ವಿಷಯ ಸ್ಪಷ್ಟವಿಲ್ಲ’ ಎಂದು ಹಾಕಿದರೂ ಹಸಿರೇ.

ಒಂದು ಜೂನ್ ಸೋಮವಾರ ಆ ಹೆಂಗಸರು ಬಂದರು. ಮುಂದೆ ಶರಣಮ್ಮ — ರಾಯಚೂರು ಜಿಲ್ಲೆಯವಳು, ನನ್ನ ವಯಸ್ಸಿನವಳೇ, ಕೂದಲಲ್ಲಿ ಸಿಮೆಂಟಿನ ಧೂಳು. ಹಿಂದೆ ಆರೇಳು ಜನ. ಅವಳ ಸೆರಗು ಹಿಡಿದು ಮಗಳು ರೇಣುಕಾ. ಗಾಜಿನ ಕಟ್ಟಡಗಳಿಗೆ ಕಲ್ಲು, ಕಾಂಕ್ರೀಟು ಹೊರುವವರು ಅವರು. ಊರಿನಿಂದ ಬಂದು ಕೆಲವೇ ತಿಂಗಳಾಗಿತ್ತು, ತೆಲುಗು ಬರುತ್ತಿರಲಿಲ್ಲ. ಅವರ ಗುಂಪುಗಳಲ್ಲಿ ಹೊರಗಿನ ಮಾತೆಲ್ಲ ಅವರನ್ನು ಊರಿಂದ ಕರೆತಂದ ಮೇಸ್ತ್ರಿಯದು. ಕೂಲಿ ಕೇಳುವುದು, ಬಸ್ಸು ಕೇಳುವುದು, ಡಾಕ್ಟರರಿಗೆ ನೋವು ಹೇಳುವುದು — ಎಲ್ಲ ಅವನೇ. ಆದರೆ ಈ ಕೆಲಸಕ್ಕೆ ಮೇಸ್ತ್ರಿ ಬರಲಿಲ್ಲ. ಯಾಕೆಂದರೆ ಬಸ್ತಿಗೆ ನೀರಿನ ಟ್ಯಾಂಕರ್ ತರಿಸಿ ಮಾರುತ್ತಿದ್ದವನೂ ಅವನೇ.

ಶರಣಮ್ಮ ಒಂದು ಅರ್ಜಿ ಕೊಟ್ಟಳು. ಊರಿಗೆ ಹೋದಾಗ ಶಾಲೆಯ ಮಾಸ್ತರರ ಕೈಯಲ್ಲಿ ಬರೆಸಿಕೊಂಡು ಬಂದಿದ್ದಳು — ಕನ್ನಡದಲ್ಲಿ. ಸರ್ಕಾರ ಅಂದಮೇಲೆ ಎಲ್ಲ ಓದುತ್ತದೆ ಎಂಬ ನಂಬಿಕೆ. ಸಾಹೇಬರು ಅದನ್ನು ಉಲ್ಟಾ ಸೀದಾ ತಿರುಗಿಸಿ ನೋಡಿದರು. ಅವಳು ಕೈಮುಗಿದು ಬಾಯಲ್ಲೂ ಹೇಳಿದಳು:

“ಸಾಹೇಬ್ರ, ಪಟ್ಣಕ್ಕ ಹೋಗೋ ದೊಡ್ಡ ಪೈಪು ನಮ್ಮ ಗುಡಿಸಲ ಮುಂದ ಹಾದು ಹೋಗೈತ್ರಿ. ಬೋರಿನ ನೀರು ವಾಸನಿ ಹೊಡಿತೈತಿ, ಹುಡುಗೂರ ಮೈಯಾಗ ಹುಣ್ಣು ಎದ್ದಾವು. ಟ್ಯಾಂಕರು ಬರೂದು ಯಾವಾಗೋ. ನಾವು ಬೆಳಗಾದ್ರ ಕೆಲಸಕ್ಕ ಹೋಗಾಕಬೇಕು. ಕೊಡ ಕಾಯಾಕ ಈ ಹುಡುಗಿನ್ನ ಬಿಟ್ಟು ಹೊಕ್ಕೀವಿ. ಸಾಲಿ ಇಲ್ಲೇ ಬಾಜೂಕ ಐತಿ, ಸೇರಿಸ್ಕೋತೀನಿ ಅಂತಾರ ಟೀಚರು. ಒಂದು ನಳ ಹಾಕಿಸಿಕೊಡ್ರಿ, ಈಕಿ ಸಾಲಿಗೆ ಹೊಕ್ಕಾಳ.”

ಇದಕ್ಕಿಂತ ಸ್ಪಷ್ಟವಾದ ಅಹವಾಲನ್ನು ನಾನು ಆ ಕಚೇರಿಯಲ್ಲಿ ಕೇಳಿಲ್ಲ. ಒಂದು ನಲ್ಲಿ ಬಂದರೆ ಒಬ್ಬ ಹುಡುಗಿ ಶಾಲೆಗೆ ಹೋಗುತ್ತಾಳೆ — ಅಷ್ಟೇ.

ಸಾಹೇಬರು ಸುತ್ತ ನೋಡಿದರು. “ಕನ್ನಡಂ ಎವರಿಕೈನಾ ವಚ್ಚಾ?” — ಕನ್ನಡ ಯಾರಿಗಾದರೂ ಬರುತ್ತದೆಯೇ ಎಂದರು.  ಹತ್ತಿರ ಕೂತವಳು ನಾನು, ನನ್ನ ಮುಖ ನೋಡಿದರು. ಆಗ ನಾನು ತಲೆ ಅಲ್ಲಾಡಿಸಿದ್ದು.

ಹೆದರಿಕೆ ಎನ್ನಬಹುದು. ಆ ದಿನಗಳಲ್ಲಿ ನನ್ನ ಬಡ್ತಿಯ ಮಾತು ನಡೆದಿತ್ತು, ನಿಜ. ಆದರೆ ಅದು ನಾನು ನನಗೇ ಕೊಟ್ಟುಕೊಂಡ ಮರ್ಯಾದೆಯ ಕಾರಣ. ನಿಜವಾದ ಕಾರಣ ನಾಚಿಕೆ. ಆ ಹೆಂಗಸು ನಮ್ಮ ಅಜ್ಜಿ ಆಡುತ್ತಿದ್ದಂಥ ಮಾತನ್ನೇ ಆಡುತ್ತಿದ್ದಳು. ಬೆವರು, ಸುಣ್ಣ, ಬರಿಗಾಲು — ಅದರೊಂದಿಗೆ ನನ್ನ ಅಜ್ಜಿಯ ಮಾತು! ನಾನು ಬಾಯಿ ತೆರೆದರೆ ಅವಳು ಎಲ್ಲರೆದುರು “ನಮ್ಮಾಕಿ” ಅಂದುಬಿಡುತ್ತಾಳೆ ಎಂದು ನನಗೆ ಮೈ ಉರಿಯಿತು. ಅವಳು ನಮ್ಮಾಕಿಯೇ ಆಗಿದ್ದಳು. ಅದೇ ತಾನೇ ತೊಂದರೆ.

ಇದು ಮೊದಲನೆಯದು. ಎರಡನೆಯದು ಇದಕ್ಕಿಂತ ಕೆಟ್ಟದ್ದು. ಸಾಹೇಬರು “ನೀರಿನದೇ ಇರಬೇಕು, ಆ ಇಲಾಖೆಗೆ ಕಳಿಸಿ” ಎಂದು ನನ್ನತ್ತ ತಳ್ಳಿದರು. ಕಳಿಸಬೇಕಾದರೆ ಊರು, ವಿಷಯ, ಏನು ಬೇಕು ಎಂಬುದನ್ನು ತುಂಬಿಸಬೇಕು. ನನಗೆ ಎಲ್ಲವೂ ಗೊತ್ತಿತ್ತು. ತುಂಬಿಸಿದರೆ ನನಗೆ ಕನ್ನಡ ಬರುತ್ತದೆಂದು ಎಲ್ಲರಿಗೂ ತಿಳಿಯುತ್ತದೆ. ‘ವಿಷಯ ಸ್ಪಷ್ಟವಿಲ್ಲ, ಮುಕ್ತಾಯ’ ಎಂದು ಹಾಕಿದೆ. ಹಸಿರಾಯಿತು. ನಾನು ಚಹಾ ಕುಡಿಯಲು ಹೋದೆ.

ಮರು ಸೋಮವಾರ ಮತ್ತೆ ಬಂದರು. ಅದರ ಮರು ಸೋಮವಾರವೂ. ಒಂದು ದಿನದ ಕೂಲಿ ಬಿಟ್ಟು ಬರುತ್ತಿದ್ದರು. ಯಂತ್ರಕ್ಕೆ ಮುಖದ ಗುರುತಿಲ್ಲ, ಪ್ರತಿ ಸಲ ಹೊಸ ನಂಬರು, ಪ್ರತಿ ಸಲ ನಾನು ಹಸಿರು ಮಾಡಿದೆ. ಅಂಥ ಒಂದು ಸೋಮವಾರ ಸಾಲಿನಲ್ಲಿ ನಿಂತು ಬೇಸತ್ತ ಶರಣಮ್ಮ ಪಕ್ಕದವಳಿಗೆ ಹೇಳಿದಳು: “ನೋಡವಾ, ಸಾಹೇಬಗ ಬಾಯಿ ಇಲ್ಲ, ಈ ಹೆಣ್ಮಗಳಿಗೆ ಕಿವಿ ಇಲ್ಲ. ಇಬ್ಬರೂ ಕೂಡಿದ್ರ ಒಂದು ಸರಕಾರ!” ನನಗೆ ನಗು ಬಂದುಬಿಟ್ಟಿತು. ತಡೆಯಲು ಕೆಮ್ಮಿದೆ. ಆದರೆ ನಗು ಮುಖದ ಮೇಲೆ ಬಂದು ಹೋದದ್ದನ್ನು ಅವಳು ನೋಡಿದಳು. ಅವಳು ನಗಲೂ ಇಲ್ಲ, ಸಿಟ್ಟೂ ಮಾಡಲಿಲ್ಲ. 

ಮುಂದಿನ ವಾರ ಅವಳು ಸಾಹೇಬರ ಹತ್ತಿರ ಹೋಗಲಿಲ್ಲ. ನೇರ ನನ್ನ ಮೇಜಿನ ಬಳಿ ಬಂದು, ಬಗ್ಗಿ, ಯಾರಿಗೂ ಕೇಳದಂತೆ ಹೇಳಿದಳು:

“ಅಕ್ಕಾರ, ನಿಮಗ ತಿಳೀತೈತಿ. ನಾ ಯಾರ ಮುಂದೂ ಹೇಳಂಗಿಲ್ರಿ. ನೀವು ಮಾತಾಡಬ್ಯಾಡ್ರಿ, ಬರೇ ಬರಕೊಳ್ರಿ, ಸಾಕು.”

 ಅವಳು ಬೇಡಲು ಬಂದವಳು — ನನ್ನ ಗುಟ್ಟನ್ನು ಕಾಪಾಡುತ್ತೇನೆ ಎಂದು ನನಗೇ ಅಭಯ ಕೊಡುತ್ತಿದ್ದಳು. ಸಾಹೇಬರು ಒಳಗೆ ಫೋನಿನಲ್ಲಿದ್ದರು. ಯಾರೂ ನಮ್ಮನ್ನು ನೋಡುತ್ತಿರಲಿಲ್ಲ. ಒಂದು ಮಾತು, ಒಂದು ಹೂಂ ಅಂದಿದ್ದರೂ —

ನಾನು ಹೇಳಿದೆ: “ನಾಕು ಕನ್ನಡಂ ರಾದಮ್ಮಾ.” ನನಗೆ ಕನ್ನಡ ಬರುವುದಿಲ್ಲ ತಾಯಿ. ತೆಲುಗಿನಲ್ಲಿ ಹೇಳಿದೆ, ಗಟ್ಟಿಯಾಗಿ ಹೇಳಿದೆ. ಆ ಮಾತಿನ ಅರ್ಥ ಅವಳಿಗೆ ಆಗದಿದ್ದರೂ ಅದರ ಧಾಟಿ ಆಯಿತು. ಮಗಳ ಕೈ ಹಿಡಿದು ಹೊರಟುಹೋದಳು. ಆಮೇಲೆ ಎಷ್ಟೋ ತಿಂಗಳು ಬರಲಿಲ್ಲ. ನಾನು ನಿರಾಳವಾಗಿದ್ದೆ. ಹೌದು, ನಿರಾಳ. ಬೇರೆ ಪದ ಹಾಕಲು ಮನಸ್ಸಾಗುತ್ತದೆ, ಹಾಕುವುದಿಲ್ಲ.

ಮರು ವರ್ಷದ ಬೇಸಿಗೆ ಏರುವ ಹೊತ್ತಿಗೆ ಬಸ್ತಿಯ ಬೋರು ಬತ್ತಿತು. ಒಂದು ಬೆಳಗ್ಗೆ ಶರಣಮ್ಮನೂ ಅವಳ ಗುಂಪಿನವರೂ ಕೆಲಸಕ್ಕೆ ಹೋಗಲಿಲ್ಲ. ಖಾಲಿ ಕೊಡ ಹೊತ್ತು ಹೋಗಿ ದೊಡ್ಡ ಪೈಪಿನ ಬಳಿ, ಹೆದ್ದಾರಿಯ ಅಂಚಿನಲ್ಲಿ ಕೂತರು. ಅವರನ್ನು ನೋಡಿ ಅಕ್ಕಪಕ್ಕದ ಬಸ್ತಿಗಳ ಹೆಂಗಸರೂ ಕೊಡ ತಂದು ಕೂತರು. ಘೋಷಣೆ ಇಲ್ಲ, ಬಾವುಟ ಇಲ್ಲ, ಮುಂದಾಳು ಇಲ್ಲ. ಕೊಡಗಳು ಅಂಚಿನಿಂದ ಮೆಲ್ಲಗೆ ರಸ್ತೆಗೆ ಬಂದವು. ಕಂಪನಿಗಳಿಗೆ ಹುಡುಗರನ್ನು ಒಯ್ಯುವ ಗಾಡಿಗಳು ಸಾಲಾಗಿ ನಿಂತವು. ಅದೇ ದಿನ ಒಂದು ದೊಡ್ಡ ಕಟ್ಟಡದ ಸ್ಲ್ಯಾಬ್ ಹಾಕುವುದಿತ್ತಂತೆ, ಹೊರುವವರಿಲ್ಲದೆ ಮಿಕ್ಸರ್ ಸುಮ್ಮನೆ ತಿರುಗುತ್ತಿತ್ತಂತೆ.

ನಾನು ಕಚೇರಿಯಲ್ಲಿದ್ದೆ. ಅವತ್ತು ಒಳಗೆ ಏನಾಯಿತು ಎಂಬುದನ್ನು ಕಣ್ಣಾರೆ ನೋಡಿದೆ. ಫೋನು ಇಟ್ಟ ಕೂಡಲೇ ಮತ್ತೆ ಫೋನು. ಗುತ್ತಿಗೆದಾರನದು, ಪೊಲೀಸರದು, ಪತ್ರಿಕೆಯವರದು, ಕೊನೆಗೆ ರಾಜಧಾನಿಯ ದೊಡ್ಡ ಕೋಣೆಯಿಂದ. ಸಾಹೇಬರು ಎದ್ದು ನಿಂತು ಮಾತಾಡುತ್ತಿದ್ದರು, ಆ ಕಡೆಯವರಿಗೆ ಕಾಣುವುದಿಲ್ಲ ಎಂಬುದೂ ಮರೆತುಹೋಗಿತ್ತು. ನೀರಿನ ಇಲಾಖೆಯ ಎಂಜಿನಿಯರು ಓಡಿ ಬಂದರು. ‘ಅಸಾಧ್ಯ, ದೊಡ್ಡ ಪೈಪಿಗೆ ನಲ್ಲಿ ಹಾಕುವ ನಿಯಮವೇ ಇಲ್ಲ’ ಎಂದು ಶುರುಮಾಡಿದವರು ಅರ್ಧ ಗಂಟೆಯೊಳಗೆ ‘ಬೇರೆ ಕಡೆಯಿಂದ ಒಂದು ಸಣ್ಣ ಲೈನು ಎಳೆಯಬಹುದು ಸರ್’ ಎಂಬಲ್ಲಿಗೆ ಇಳಿದರು. ಸರ್ಕಾರ ಬಂಡೆಯಂತೆ ಎಂದು ಜನ ಅನ್ನುತ್ತಾರೆ. ನಾನು ಆ ಬಂಡೆಯ ಹೊಟ್ಟೆಯೊಳಗೆ ಕೂತವಳು, ಅವತ್ತು ಅದು ಗಡಗಡ ನಡುಗುತ್ತಿತ್ತು.

ಸಾಹೇಬರು ಜೀಪು ಹತ್ತಿದರು, ಬರೆದುಕೊಳ್ಳಲು ನನ್ನನ್ನೂ ಕರೆದರು. ಅಲ್ಲಿ ಪೊಲೀಸರು ಹೆಂಗಸರನ್ನು ಎಬ್ಬಿಸಲು ನಿಂತಿದ್ದರು. ಸಾಹೇಬರು ಮತ್ತೆ ಅದೇ ಪ್ರಶ್ನೆ ಕೇಳಿದರು — ಕನ್ನಡ ಬರುವವರು ಯಾರಾದರೂ ಇದ್ದಾರೆಯೇ? ಶರಣಮ್ಮ ನನ್ನನ್ನು ನೋಡಿದಳು. ಬಾಯಿ ಬಿಡಲಿಲ್ಲ. ಅವಳು ಕೊಟ್ಟ ಮಾತು ಅವಳಿಗೆ ನೆನಪಿತ್ತು.

ನಾನು “ನನಗೆ ಬರುತ್ತದೆ ಸರ್” ಎಂದೆ. ಅವಳ ಮಾತನ್ನು ಒಂದೊಂದಾಗಿ ತೆಲುಗಿಗೆ ತಂದೆ. ಆದರೆ ದಯವಿಟ್ಟು ಇದನ್ನು ಧೈರ್ಯ ಎನ್ನಬೇಡಿ. ಅಷ್ಟು ಹೊತ್ತಿಗೆ ಸರ್ಕಾರ ಬಗ್ಗಿಯಾಗಿತ್ತು, ನೀರು ಕೊಡುವುದೆಂದು ಜೀಪಿನಲ್ಲೇ ನಿರ್ಧಾರವಾಗಿತ್ತು. ಧೈರ್ಯ ಬೇಕಿಲ್ಲದ ಹೊತ್ತಿನಲ್ಲಿ ನಾನು ಧೈರ್ಯ ಮಾಡಿದೆ. ಹತ್ತು ವರ್ಷ ನಾನು ಹೆದರಿಕೊಂಡಿದ್ದ ಮಾತುಗಳನ್ನು — ಲೋಕಲ್, ನಾನ್-ಲೋಕಲ್ — ಯಾರೂ ಆಡಲಿಲ್ಲ. ಮರುದಿನ ಒಬ್ಬ ಸಹೋದ್ಯೋಗಿ ಕೇಳಿದ್ದಿಷ್ಟೇ: “ಹಾಗಾದರೆ ನಿಮ್ಮ ಮನೆಯಲ್ಲಿ ಜೋಳದ ರೊಟ್ಟಿ ಮಾಡುತ್ತೀರಿ! ಇಷ್ಟು ವರ್ಷ ಒಂದು ಡಬ್ಬಿ ತರಬಾರದೇ?”

ಎರಡು ವಾರಕ್ಕೆ ಬಸ್ತಿಗೆ ನಲ್ಲಿ ಬಂತು. ಅವತ್ತು ಶರಣಮ್ಮ ಹೇಳಿಕಳಿಸಿದಳು, ಹೋದೆ. ನಲ್ಲಿಗೆ ಅರಿಷಿಣ ಕುಂಕುಮ ಹಚ್ಚಿದ್ದರು. ನನ್ನನ್ನು ಕೂರಿಸಿ ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲೆ ಅಡಿಕೆ, ಖಣ, ಅಕ್ಕಿ — ಒಬ್ಬೊಬ್ಬರೂ ಹಿಡಿ ಹಿಡಿ ಹಾಕಿದರು. ಶರಣಮ್ಮ ಎಲ್ಲರಿಗೂ ಕೇಳುವಂತೆ ಹೇಳಿದಳು: “ಅರ್ಜಿ ಸುಮ್ಮನ ಹೋಗಿಲ್ಲವಾ. ಅಕ್ಕಾರ ಬಾಯಿ ಬಿಡದಿದ್ರೂ ಒಳಗಿಂದೊಳಗ ಮ್ಯಾಲಕ್ಕ ಕಳಿಸ್ಯಾರ. ನಮ್ಮಾಕಿ ಒಬ್ಬಾಕಿ ಒಳಗಿದ್ರ ಆಕ್ಕೈತಿ, ಇಲ್ಲಾಂದ್ರ ಇಲ್ಲ.” ಆ ಕ್ಷಣದಲ್ಲಿ ನಾನು ಎದ್ದು ಹೇಳಬೇಕಿತ್ತು. ಕಳಿಸಿಲ್ಲ, ಮುಚ್ಚಿದ್ದೇನೆ, ನೀರು ತಂದದ್ದು ನಿಮ್ಮ ಖಾಲಿ ಕೊಡಗಳು ಎಂದು. ಉಡಿ ಭಾರವಾಗಿತ್ತು. ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು ಬಸ್ಸು ಹತ್ತಿದೆ.

ರೇಣುಕಾ ಶಾಲೆಗೆ ಸೇರಲಿಲ್ಲ. ನೀರಿಗಾಗಿ ಕಾದ ಆ ವರ್ಷದಲ್ಲಿ ಅವಳು ತಾಯಿಯ ಜೊತೆ ಕೆಲಸಕ್ಕೂ ಹೋಗಲು ಶುರುಮಾಡಿದ್ದಳು. ಕೂಲಿಯ ರುಚಿ ಮನೆಗೆ ಹತ್ತಿತ್ತು. ಶಾಲೆಗೆ ಅವಳ ತಮ್ಮ ಹೋದ.

ಆಮೇಲೆ ವರ್ಷಗಳು ಹೋದವು. ಬಸ್ತಿ ಕಾಲೊನಿಯಾಯಿತು, ಗುಡಿಸಲು ಇಟ್ಟಿಗೆಯ ಮನೆಯಾಯಿತು. ಶರಣಮ್ಮ ವರ್ಷಕ್ಕೊಮ್ಮೆ ನಮ್ಮ ಮನೆಗೆ ಬಂದು ಹೋಗುತ್ತಿದ್ದಳು. ನಾನು ನಿವೃತ್ತಳಾದೆ. ಅವಳು ಬಂದಾಗಲೆಲ್ಲ ಹೇಳೋಣ ಅಂದುಕೊಂಡು, ಚಹಾ ಕೊಟ್ಟು ಕಳಿಸುತ್ತಿದ್ದೆ. ಮೊನ್ನೆ ಅವಳ ಫೋನು ಬಂತು. ಹೊಸ ರಸ್ತೆ ಆದಮೇಲೆ ಬಸ್ಸು ಅವರ ಕಾಲೊನಿಯ ಹತ್ತಿರ ನಿಲ್ಲುವುದನ್ನು ಬಿಟ್ಟಿದೆಯಂತೆ. ಹೈಸ್ಕೂಲಿಗೆ ಹೋಗುವ ಹುಡುಗಿಯರು ಮನೆಯಲ್ಲೇ ಉಳಿದಿದ್ದಾರೆ, ರೇಣುಕಾಳ ಮಗಳೂ ಕೂಡ. “ಅರ್ಜಿ ಕೊಟ್ಟೀರೇನು?” ಎಂದು ಕೇಳಿದೆ. ಅವಳು ನಕ್ಕಳು. “ಒಳಗ ನಮ್ಮವರು ಯಾರದಾರ ಅಂತ ಕೊಡೋದ್ರಿ? ನೀವು ರಿಟೈರ್ ಆದ್ರಿ. ನೀರು ತಂದಾಂಗ ಬಸ್ಸೂ ಹ್ಯಾಂಗಾರ ಮಾಡಿ ನೀವೇ ತಂದುಕೊಡ್ರಿ.”

 ನಾನು ಕದ್ದದ್ದು ಏನೆಂದು ಆಗ ತಿಳಿಯಿತು. ಒಂದು ವರ್ಷದ ನೀರನ್ನಷ್ಟೇ ಅಂದುಕೊಂಡಿದ್ದೆ. ಅಲ್ಲ. ಒಂದು ಸರ್ಕಾರವನ್ನು ಬಗ್ಗಿಸಿದವರು ಅವರು — ಆ ಸುದ್ದಿಯನ್ನೇ ಅವರಿಂದ ಮುಚ್ಚಿಟ್ಟು, ಅದನ್ನು ನನ್ನ ದಯೆ ಎಂದು ಅವರು ನಂಬಲು ಬಿಟ್ಟಿದ್ದೆ. ಅದರಿಂದಾಗಿ ಇಷ್ಟು ವರ್ಷ ಅವರು ಮತ್ತೊಮ್ಮೆ ಕೂರಲಿಲ್ಲ. ಒಳಗೆ ಒಬ್ಬ ನಮ್ಮವಳು ಸಿಗಲಿ ಎಂದು ಕಾದರು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಅನ್ನುತ್ತಾರಲ್ಲ, ನಾನು ಆ ಪೂಜಾರಿ. ಅಷ್ಟೇ ಅಲ್ಲ, ವರ ಕೊಟ್ಟದ್ದೂ ನಾನೇ ಎಂದು ದಕ್ಷಿಣೆ ತಗೊಂಡ ಪೂಜಾರಿ.

ಮರುದಿನ ಬೆಳಗ್ಗೆ ಪಟಾನ್‌ಚೆರು ಬಸ್ಸು ಹತ್ತಿದೆ. ಶರಣಮ್ಮನ ಮನೆಯ ಪಡಸಾಲೆಯಲ್ಲಿ ಕೂತು, ಅವಳ ಮುಂದೆ, ರೇಣುಕಾಳ ಮುಂದೆ ಎಲ್ಲ ಹೇಳಿದೆ. ತಲೆ ಅಲ್ಲಾಡಿಸಿದ್ದು ಅವರಿಗೆ ಗೊತ್ತಿತ್ತು. ಮುಚ್ಚಿದ್ದು ಗೊತ್ತಿರಲಿಲ್ಲ. ಒಂದೊಂದು ಅರ್ಜಿಯನ್ನೂ ನಾನೇ ಮುಚ್ಚಿದೆ ಎಂದೆ. ಕನ್ನಡದಲ್ಲೇ ಹೇಳಿದೆ, ಗಟ್ಟಿಯಾಗಿ ಹೇಳಿದೆ.

ರೇಣುಕಾ ಕಾಯಿಪಲ್ಲೆ ಹೆಚ್ಚುತ್ತಿದ್ದವಳು ಈಳಿಗೆ ಬಿಟ್ಟು ಎದ್ದು ಒಳಗೆ ಹೋದಳು. ಶರಣಮ್ಮ ಈಳಿಗೆಯನ್ನು ಎತ್ತಿ ಪಕ್ಕಕ್ಕಿಟ್ಟಳು. ಬೈಯಲಿ ಎಂದು ಕಾದೆ. ಅವಳು ಬೇರೆಯದೇ ಕೇಳಿದಳು.

“ಹಂಗಾದ್ರ ನೀರು ಯಾರು ತಂದ್ರು?”

“ನೀವು ತಂದ್ರಿ ಶರಣಮ್ಮ.”

“ಕೂತಿದ್ದಕ್ಕ?”

“ಕೂತಿದ್ದಕ್ಕ.” ಅವತ್ತು ಒಳಗೆ ನಡೆದದ್ದನ್ನೆಲ್ಲ ಹೇಳಿದೆ — ಬಿಡದೆ ಬಂದ ಫೋನುಗಳು, ಎದ್ದು ನಿಂತು ಮಾತಾಡಿದ ಸಾಹೇಬರು, ಅರ್ಧ ಗಂಟೆಯಲ್ಲಿ ಇಳಿದುಹೋದ ನಿಯಮ. ಅವಳು ಕಣ್ಣು ಮಿಟುಕಿಸದೆ ಕೇಳಿದಳು. ಎಂಜಿನಿಯರ ಮಾತಿಗೆ ಬಂದಾಗ ತಡೆದು, ಅದನ್ನು ಇನ್ನೊಮ್ಮೆ ಹೇಳಿಸಿದಳು.

“ಹೆದರಿದ್ರೇನ್ರಿ ಅವರು?”

“ಭಾಳ ಹೆದರಿದ್ರು.”

“ನಮಗ?”

“ನಿಮಗ.”

ಅವಳು ತೊಡೆ ತಟ್ಟಿಕೊಂಡು ಎದ್ದಳು. ಬಾಗಿಲಲ್ಲಿ ನಿಂತು ಓಣಿಯ ಹೆಂಗಸರನ್ನು ಹೆಸರು ಹಿಡಿದು ಕೂಗತೊಡಗಿದಳು. ಒಬ್ಬೊಬ್ಬರಾಗಿ ಬಂದರು, ಬಂದವರಿಗೆಲ್ಲ ಮೊದಲಿನಿಂದ ಹೇಳಬೇಕಾಯಿತು. ನನ್ನ ತಪ್ಪಿಗೆ ಕೆಲವರು ಮುಖ ತಿರುಗಿಸಿದರು. ಒಬ್ಬಾಕೆ “ಥೂ” ಅಂದಳು. ಆದರೆ ಸಾಹೇಬರು ನಡುಗಿದ ಕಥೆಗೆ ಎಲ್ಲರೂ ಹತ್ತಿರ ಸರಿದು ಕೂತರು. ಸೋಮವಾರ ಮೊದಲು ಅರ್ಜಿ, ಆಗದಿದ್ದರೆ ರಸ್ತೆ — ಎಂಬಲ್ಲಿಗೆ ಮಾತು ಬಂದು ನಿಂತಿತು. ಯಾರೂ ನನ್ನ ಸಲಹೆ ಕೇಳಲಿಲ್ಲ. ಅದರಿಂದ ನನಗೆ ಎಷ್ಟು ಸಂತೋಷವಾಯಿತೆಂದು ಹೇಳಲಾರೆ.

ಹೊರಡುವಾಗ ರೇಣುಕಾ ಒಳಗಿನಿಂದ ಬಂದಳು. ಅತ್ತಿದ್ದಳು. ಕ್ಷಮಿಸು ಎಂಬ ಮಾತು ನನ್ನ ಬಾಯಿಯವರೆಗೆ ಬಂತು, ಅದನ್ನು ನುಂಗಿದೆ. ಕೇಳಿದರೆ ಅವಳು ಕೊಟ್ಟುಬಿಡಬಹುದು ಎಂಬ ಹೆದರಿಕೆ. ಅವಳು ಅದನ್ನು ಕೊಡಲೂ ಇಲ್ಲ. ನನ್ನ ಮುಖವನ್ನು ನೇರ ನೋಡಿ ಹೇಳಿದಳು:

“ಸೋಮವಾರ ಲಗೂನ ಬರ್ರಿ ಅಕ್ಕಾರ. ಅರ್ಜಿ ನೀವೇ ಬರೀಬೇಕು. ನನಗ ಬರಿಯಾಕ ಬರಂಗಿಲ್ಲ.”

ನಾಳೆ ಸೋಮವಾರ. ಬೆಳಗಿನ ಮೊದಲ ಬಸ್ಸಿಗೆ ಹೋಗುತ್ತಿದ್ದೇನೆ.